ತೋಳ ಹೊಡೆದ ಮುಯ್ಯಿ

ಸಂಜೆ ಆರರಿಂದ ಎಂಟರವರೆಗೆ ನಮ್ಮ ಹಾಸ್ಟೆಲ್ಲಿನ ಹುಡುಗಿಯರ ಫೋನುಗಳೆಲ್ಲ ನನ್ನ ಮೇಜಿನ ಡ್ರಾದಲ್ಲಿರಬೇಕು. ಓದುವ ಹೊತ್ತಿನ ಕಾನೂನು ಅದು, ಮಾಡಿದಾಕೆ ನಾನೇ. ಸುರಪುರಕ್ಕೆ ವಾರ್ಡನ್ ಆಗಿ ಬಂದು ನಾಲ್ಕು ವರ್ಷವಾಯಿತು. ಹುಡುಗಿಯರು ಬೆನ್ನ ಹಿಂದೆ ನನಗೇನು ಹೆಸರಿಟ್ಟಿದ್ದಾರೆ ಅನ್ನುವುದೂ ಗೊತ್ತು, ಇಲ್ಲಿ ಬರೆಯುವುದಿಲ್ಲ.

ಹೋದ ವಾರ ಮರುದಿನದ ಅಡುಗೆಗೆ ಏನೇನು ಬೇಕೆಂದು ಪಟ್ಟಿ ಮಾಡುತ್ತ ಕೂತಿದ್ದೆ. ಡ್ರಾದೊಳಗಿಂದ ಕೊಂಬು ಊದಿದ ಸದ್ದು ಬಂತು. ಉದ್ದಕ್ಕೆ ಒಂದು ಸಲ, ಗಿಡ್ಡಕ್ಕೆ ಎರಡು ಸಲ. ಯಾವಳೋ ಪುಣ್ಯಾತ್ಗಿತ್ತಿ ಫೋನಿನ ಸದ್ದು ಬಂದ್ ಮಾಡದೆ ಕೊಟ್ಟಿದ್ದಳು. ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ಕೂತೆ. ಪೆನ್ನು ಹಿಡಿದ ನನ್ನ ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಅಲ್ಲಾಡಿಬಿಟ್ಟಿತ್ತು.

ಅಷ್ಟರಲ್ಲಿ ಆ ಹುಡುಗಿ ಓಡಿ ಬಂದು ಬಾಗಿಲಲ್ಲಿ ನಿಂತಳು. "ಮೇಡಂ, ಅದು ನಂದ್ರಿ. ತಪ್ಪಾತ್ರಿ."

"ಎಷ್ಟನೇ ಲೆವಲ್ಲು?" ಅಂದೆ.

ಇದರಲ್ಲಿ ಏನೋ ಮೋಸ ಇದೆ ಅಂದುಕೊಂಡಳೋ ಏನೋ, ಅನುಮಾನಿಸುತ್ತ ಅಂದಳು. "ಮೂವತ್ತೆರಡ್ರಿ."

"ಹೋಗು, ಓದ್ಕೋ ಹೋಗು," ಅಂದು ಕಳಿಸಿದೆ. ಅವಳು ಹೋದ ಮೇಲೆ ನಗು ತಡೆಯಲಾಗಲಿಲ್ಲ. ಪಾಪ, ಮೂವತ್ತೆರಡು! ಇನ್ನೂ ಎಷ್ಟು ತೋಳ ಕೊಲ್ಲಬೇಕೋ.

ನಾನು ಕೊಂದಿದ್ದೇನೆ. ಬಿ.ಎ. ಕೊನೆಯ ವರ್ಷ, ಹತ್ತಿ ಬಿಡಿಸುವ ಕಾಲದಲ್ಲಿ, ಸಾವಿರಗಟ್ಟಲೆ.

ನಮ್ಮೂರು ಶಹಾಪುರ ಮತ್ತು ಕೆಂಭಾವಿ ನಡುವೆ. ಕೆನಾಲಿನ ಕೆಳಗೆ ಇರುವವರಿಗೆ ನೆಲ್ಲು, ಮೇಲೆ ಇರುವ ನಮ್ಮಂಥವರಿಗೆ ಹತ್ತಿ. ಅಪ್ಪ ಲಾರಿ ಮೇಲೆ ಊರೂರು ತಿರುಗುತ್ತಿದ್ದುದರಿಂದ ಹೊಲದ ಯಜಮಾನಿಕೆ ಅವ್ವನದೇ. ಹತ್ತಿ ಒಡೆಯಲು ಶುರುವಾಯಿತೆಂದರೆ ಒಂದು ಮನೆಯ ಕೈಗಳು ಸಾಲುವುದಿಲ್ಲ. ಅದಕ್ಕೆ ನಮ್ಮ ಕಡೆ ಮುಯ್ಯಿ ಇದೆ. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಒಬ್ಬರ ಒಂದು ದಿನದ ದುಡಿಮೆ ಅಂದರೆ ಒಂದು ಆಳು. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಊರ ಅಗಸಿ ಬಾಗಿಲ ಬಾಜೂಕಿನ ಗಂಗವ್ವ ಒಮ್ಮೆ ಮೂವರ ಮುಯ್ಯಿ ತಿರುಗಿಸದೆ ತವರಿಗೆ ಹೋಗಿ ಕೂತಳು. ಮರುವರ್ಷ ಅವಳ ಹೊಲಕ್ಕೆ ಒಬ್ಬರೂ ಕಾಲಿಡಲಿಲ್ಲ, ಹತ್ತಿ ಗಿಡದ ಮೇಲೆಯೇ ಮಳೆಗೆ ತೊಯ್ದು ಕಪ್ಪಾಯಿತು. ಇವತ್ತಿಗೂ ಅವಳ ಹೆಸರು 'ಮುಯ್ಯಿ ಮುಳುಗಿಸಿದಾಕಿ' ಅಂತಲೇ.

ಭೀಮಿ, ಶರಣಿ ಮತ್ತು ನಾನು ಓರಿಗೆಯವರು. ಒಂದೇ ಬಸ್ಸಿನಲ್ಲಿ ಶಹಾಪುರದ ಕಾಲೇಜಿಗೆ ಹೋಗುತ್ತಿದ್ದೆವು, ರಜೆಯ ದಿನ ಒಬ್ಬರ ಹೊಲದಲ್ಲಿ ಒಬ್ಬರು ಹತ್ತಿ ಬಿಡಿಸುತ್ತಿದ್ದೆವು. ಆ ಆಟವನ್ನು ಮೊದಲು ತಂದವಳು ಶರಣಿ, ಅಣ್ಣನ ಫೋನಿನಿಂದ ಕಲಿತಿದ್ದಳು. ಬಿಲ್ಲು ಹಿಡಿದ ಒಬ್ಬ ಹೆಣ್ಣುಮಗಳು, ಒಂದು ಕಾಡು, ಕಾಡಿನ ತುಂಬ ತೋಳ. ತೋಳ ಕೊಂದಂತೆ ಮೇಲೊಂದು ಹಳದಿ ಪಟ್ಟಿ ತುಂಬುತ್ತ ಹೋಗುತ್ತದೆ. ಪೂರ್ತಿ ತುಂಬಿದರೆ ಕೊಂಬು ಊದುತ್ತದೆ, ಬೆಳಕು ಬೀಳುತ್ತದೆ, ನೀನು ಒಂದು ಲೆವಲ್ ಮೇಲೆ. ಅಷ್ಟೇ ಆಟ. ಆಡದೆ ಬಿಟ್ಟವರನ್ನು ಕರೆಯಲೂ ಅದೇ ಕೊಂಬು. ಕಾಲೇಜಿನ ಹುಡುಗರು ಹೀಗೆ ಕೊಂದದ್ದನ್ನೇ ಕೊಲ್ಲುವುದಕ್ಕೆ ಗ್ರೈಂಡ್ ಮಾಡುವುದು ಅನ್ನುತ್ತಿದ್ದರು. ನಾವು ಕಸ ತೆಗೆಯುವುದು ಅನ್ನುತ್ತಿದ್ದೆವು. ತೆಗೆದಷ್ಟೂ ಬರುತ್ತಿತ್ತಲ್ಲ.

ನಗಬೇಡಿ. ಆ ವರ್ಷ ನನಗೆ ಆ ಪಟ್ಟಿ ಎಂಥ ಸಮಾಧಾನ ಕೊಟ್ಟಿತೆಂದು ಹೇಳಿದರೆ ತಿಳಿಯಲಿಕ್ಕಿಲ್ಲ. ಅರ್ಥಶಾಸ್ತ್ರದ ಒಂದು ಪೇಪರಿನಲ್ಲಿ ಎರಡು ಸಲ ಫೇಲಾಗಿದ್ದೆ. ಎರಡನೇ ಸಲವಂತೂ ಖರೇನೇ ಓದಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಓದಿದ್ದು ತಲೆಗೆ ಹೋಯಿತೋ ಇಲ್ಲವೋ, ಎಷ್ಟು ಹೋಯಿತು, ಇನ್ನೆಷ್ಟು ಬಾಕಿ, ಯಾರು ಹೇಳುತ್ತಾರೆ? ಆಟದಲ್ಲಿ ಹಾಗಲ್ಲ. ಒಂದು ತೋಳ ಕೊಂದರೆ ಒಂದು ತೋಳದಷ್ಟು ಪಟ್ಟಿ ತುಂಬುತ್ತದೆ. ಮಾಡಿದ ಕೆಲಸ ಕಣ್ಣಿಗೆ ಕಾಣುತ್ತದೆ. ನಾನು ಯಾವುದರಲ್ಲೋ ಮುಂದೆ ಹೋಗುತ್ತಿದ್ದೇನೆ ಅಂತ ಅನಿಸಿದ್ದು ಆ ವರ್ಷ ಅದೊಂದರಲ್ಲೇ. ಫೇಲಾದ ಫಲಿತಾಂಶ ಬಂದ ದಿನ ಅವ್ವ ಹೆಚ್ಚು ಮಾತಾಡಿರಲಿಲ್ಲ. "ಇನ್ನೊಂದು ಸಲ ಕುಂದ್ರು. ಆಗೂ ಆಗಲಿಲ್ಲಂದ್ರ ಕಾಲೇಜು ಸಾಕು, ಹೊಲ ಅದ," ಅಂದಿದ್ದಳು. ಅವಳು ಅಂದಳೆಂದರೆ ಅಂದಳು.

ಇಪ್ಪತ್ತನೇ ಲೆವಲ್ಲಿನವರೆಗೆ ಮೂವರೂ ಸರಸರ ಏರಿದೆವು. ಆಮೇಲೆ ಪಟ್ಟಿ ತುಂಬುವುದೇ ಇಲ್ಲ. ಒಂದು ಲೆವಲ್ಲಿಗೆ ಮೂರು ದಿನ, ನಾಲ್ಕು ದಿನ. ಆಗ ಹೊಳೆದದ್ದು ಮುಯ್ಯಿ. ಯಾರಿಗೆ ಹೊಳೆಯಿತೋ ನೆನಪಿಲ್ಲ, ನನಗೇ ಇರಬೇಕು. ಇವತ್ತು ಮೂವರೂ ಸೇರಿ ನನ್ನ ಫೋನಿನಲ್ಲಿ ತೋಳ ಹೊಡೆಯುವುದು, ಒಬ್ಬಳ ಬೆರಳು ಸೋತರೆ ಇನ್ನೊಬ್ಬಳು. ನಾಳೆ ಭೀಮಿಯ ಫೋನು, ನಾಡಿದ್ದು ಶರಣಿಯದು. ಮುನ್ನೂರು ತೋಳಕ್ಕೆ ಒಂದು ಆಳು ಎಂದು ಮಾತಾಯಿತು. ಊರೊಳಗೆ ಸಿಗ್ನಲ್ ಸರಿಯಾಗಿ ಸಿಗದ್ದರಿಂದ ಸಂಜೆ ಕೆನಾಲಿನ ಒಡ್ಡಿನ ಮೇಲೆ ಕೂರುತ್ತಿದ್ದೆವು. ಕೆಳಗೆ ನೀರು, ಆಚೆ ನೆಲ್ಲು. ಕೊಂಬು ಊದಿದಾಗ ಮೂವರೂ ಕಿರುಚುತ್ತಿದ್ದೆವು. ಆ ಸಂಜೆಗಳಲ್ಲಿ ಖುಷಿ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಕೆಟ್ಟದ್ದು ನನ್ನ ಆಸೆಯಿಂದ. ನಲವತ್ತನೇ ಲೆವಲ್ಲಿಗೆ ಹೊಸ ಬಿಲ್ಲು ಸಿಗುತ್ತದೆ ಎಂದು ಗೊತ್ತಾಯಿತು. ನನಗೆ ಅದು ಎಲ್ಲರಿಗಿಂತ ಮೊದಲು ಬೇಕಾಯಿತು. "ಭೀಮಿ, ನನಗ ಆರು ಆಳು ಮುಂದಾಗಿ ಕೊಡು. ಹಂಗಾಮು ಮುಗಿಯೂದ್ರಾಗ ತಿರುಗಸ್ತೀನಿ," ಅಂದೆ. ಆ ಆಟಕ್ಕೂ ಒಂದು ಹಂಗಾಮು ಇತ್ತು. ಅದು ಮುಗಿದ ದಿನ ಎಲ್ಲರ ಲೆವಲ್ಲೂ ಕೆಳಗಿಳಿದು ಮತ್ತೆ ಮೊದಲಿಂದ ಹತ್ತಬೇಕು. ಭೀಮಿ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ "ಆಯ್ತೇಳು" ಅಂದಳು. ತನ್ನ ಆಟ ಬಿಟ್ಟು ಹದಿನೆಂಟು ನೂರು ತೋಳ ನನ್ನ ಫೋನಿನಲ್ಲಿ ನನಗಾಗಿ ಹೊಡೆದಳು. ಬಸ್ಸಿನಲ್ಲಿ, ಒಡ್ಡಿನ ಮೇಲೆ, ರೊಟ್ಟಿ ಬಡಿಯಲು ಕೂರುವ ಮುಂಚೆ.

ನಲವತ್ತು ಮುಟ್ಟಿದ್ದು ಕಾಲೇಜಿನಿಂದ ಬರುವ ಬಸ್ಸಿನಲ್ಲಿ. ಕೊಂಬು ಊದಿತು, ಬೆಳಕು ಬಿತ್ತು, ಹೊಸ ಬಿಲ್ಲು ಬಂತು. ಹಳೆಯದರ ಹಾಗೆಯೇ ಇತ್ತು, ಬಣ್ಣ ನೀಲಿ. ತೋಳಗಳೂ ನೀಲಿಯಾಗಿದ್ದವು. ಕೆಳಗೆ ಹೊಸ ಪಟ್ಟಿ ಖಾಲಿ ನಿಂತಿತ್ತು, ನಲವತ್ತೊಂದಕ್ಕೆ ಮೊದಲಿನ ಎರಡು ಪಟ್ಟು ತೋಳ. ಕಿರುಚಲು ಬಾಯಿ ತೆರೆದವಳಿಗೆ ಆಕಳಿಕೆ ಬಂತು. ಖರೇ ಹೇಳುತ್ತೇನೆ, ನನಗೆ ಏನೂ ಅನಿಸಲಿಲ್ಲ. ಭೀಮಿ "ಅಂತೂ ಆತಲ್ಲ," ಅಂದು ಕಿಟಕಿಯ ಕಡೆ ತಿರುಗಿದಳು.

ಮರುದಿನ ಕಾಲೇಜಿನ ಬೋರ್ಡಿಗೆ ಫೇಲಾದವರ ಪರೀಕ್ಷೆಯ ವೇಳಾಪಟ್ಟಿ ಹಚ್ಚಿದರು. ಆಟದ ಹಂಗಾಮು ಮುಗಿಯುವ ಮರುದಿನವೇ ನನ್ನ ಅರ್ಥಶಾಸ್ತ್ರ. ಉಳಿದದ್ದು ಹನ್ನೊಂದು ದಿನ. ಆರು ಆಳು ತಿರುಗಿಸಲು ಆರು ದಿನ ಬೇಕು, ನಾಲ್ಕು ದಿನ ಅವ್ವನ ಹೊಲದಲ್ಲಿ ದುಡಿಯುವ ಮಾತಾಗಿತ್ತು. ಓದಲು ಏನುಳಿಯಿತು?

ಆಟ ಅಲ್ಲವೇ, ಬಿಟ್ಟರಾಯಿತು ಅಂತ ನೀವು ಅನ್ನಬಹುದು. ಮುಯ್ಯಿಯ ಊರಲ್ಲಿ ಬೆಳೆದಿದ್ದರೆ ಅನ್ನುತ್ತಿರಲಿಲ್ಲ. ನನಗೆ ಕಣ್ಣು ಮುಚ್ಚಿದರೆ ಗಂಗವ್ವನ ಕಪ್ಪು ಹತ್ತಿ ಕಾಣುತ್ತಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಐದು ದಿನ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಭೀಮಿಯ ಫೋನು ಹಿಡಿದು ಒದ್ದಾಡಿದೆ. ತೋಳವೂ ಸರಿಯಾಗಿ ಸಾಯಲಿಲ್ಲ, ಪಾಠವೂ ತಲೆಗೆ ಹತ್ತಲಿಲ್ಲ. ಐದು ದಿನ ಕಳೆದರೂ ಒಂದು ಆಳು ಪೂರ್ತಿಯಾಗಲಿಲ್ಲ. ನಡುವೆ ಅವ್ವನ ಹೊಲಕ್ಕೆ ಹೋದರೆ ಹೆಬ್ಬೆರಳು ಬಾತು ಹತ್ತಿ ಹಿಡಿಯಲು ಬರುತ್ತಿರಲಿಲ್ಲ. ಹತ್ತಿ ಬಿಡಿಸುವುದೆಂದರೆ ಹೆಬ್ಬೆರಳಿನ ಕೆಲಸವೇ. ನನ್ನ ಉಡಿ ಅರ್ಧ ತುಂಬುವಷ್ಟರಲ್ಲಿ ಅವ್ವ ಎರಡು ಸಲ ಸುರಿದು ಬರುತ್ತಿದ್ದಳು.

"ಬೆರಳಿಗಿ ಏನಾಗ್ಯಾದ?" ಕೇಳಿದಳು.

"ಹತ್ತಿ ಸಿಪ್ಪಿ ಚುಚ್ಚ್ಯಾದ."

"ಸಿಪ್ಪಿ ಚುಚ್ಚಿದ್ರ ತುದಿಗಿ ಚುಚ್ಚತಾದ. ಬುಡಕ್ಕ ಹ್ಯಾಂಗ ಬಾತಾದ?"

ನಾನು ಗಿಡದೊಳಗೆ ತಲೆ ಹಾಕಿದೆ.

ಪರೀಕ್ಷೆಗೆ ಆರೇ ದಿನ ಉಳಿದಾಗ ಭೀಮಿ, ಶರಣಿ ನಮ್ಮ ಹೊಲಕ್ಕೆ ಬಂದಿದ್ದರು. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದೆವು. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅವ್ವ ನೀರು ತರಲು ಹೋಗಿದ್ದಳು. ಬೆಳಗಿನಿಂದ ಮನಸ್ಸಿನಲ್ಲೇ ಉರು ಹೊಡೆದಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಭೀಮಿ, ನಿನ್ನ ಆರು ಆಳು ನನ್ನ ಕಡಿಂದ ಆಗಂಗಿಲ್ಲ. ಪೇಪರ್ ಅದ. ಈ ಸಲ ಹೋತಂದ್ರ ಅವ್ವ ಕಾಲೇಜು ಬಿಡಸ್ತಾಳ. ಬೇಕಾದ್ರ ಬೈ, ಬೇಕಾದ್ರ ಮಾತು ಬಿಡು. ನಾ ಮುಯ್ಯಿ ಮುಳಗಸ್ದಾಕಿ ಅಂತ ಊರಿಗೆಲ್ಲ ಹೇಳು."

ಭೀಮಿಯ ಕೈಯ ರೊಟ್ಟಿ ಬಾಯಿಯ ಹತ್ತಿರ ನಿಂತಿತು. ಶರಣಿಯ ಮುಖ ನೋಡಿದಳು. ಆಮೇಲೆ ರೊಟ್ಟಿಯನ್ನು ಬುತ್ತಿಯೊಳಗೆ ಇಟ್ಟು ಎರಡೂ ಕೈ ಮುಗಿದಳು.

"ನನ್ನ ತಾಯಿ! ಹೋದ ಜೀವ ಬಂತು ನೋಡು. ದಸರಾದಾಗೇ ನನಗ ಆ ತೋಳ ನೋಡಿದ್ರ ವಾಂತಿ ಬರಾಕತ್ತಿತ್ತು."

"ನಾ ಅಂತೂ ಕಣ್ಣ ಮುಚ್ಚಿ ಒತ್ತತಿದ್ದೆ," ಅಂದಳು ಶರಣಿ. "ತೋಳ ತಾವೇ ಬಂದು ಸಾಯ್ತಿದ್ವು."

ನನಗೆ ಮೈಯೆಲ್ಲ ಹಗುರವಾಯಿತು, ಹಿಂದೆಯೇ ಸಿಟ್ಟೂ ಬಂತು. "ಮತ್ತ ಬಾಯಾಗ ಏನಿಟ್ಕೊಂಡಿದ್ರಿ? ಮೊದಲ ಹೇಳೂದಲ್ಲ?"

"ಹ್ಯಾಂಗ ಹೇಳ್ಲಿ?" ಭೀಮಿಯೂ ಜೋರಾದಳು. "ನಿನ್ನ ಮ್ಯಾಲ ನಂದು ಆರು ಆಳು ಅವ. ನನಗ ಬ್ಯಾಡ ಅಂದ್ರ ನಿನ್ನ ಕೂಡ ಸಂಬಂಧನೇ ಬ್ಯಾಡ ಅಂದಂಗಲ್ಲೇನು? ನೀ ಹಂಗ ತಿಳ್ಕೊಂಡಿದ್ರ?"

ಅವಳು ಹೇಳಿದ್ದು ಸರಿಯೇ. ನಮ್ಮೂರಲ್ಲಿ ತಿರುಗಿ ಬರುವ ಆಳನ್ನು ಬೇಡ ಅನ್ನುವುದು ಜಗಳವಾದವರು ಮಾತ್ರ. ಹೀಗೆ ಮೂವರಿಗೂ ಬೇಡವಾದ ಆಟವನ್ನು ಒಬ್ಬಳಿಗೊಬ್ಬಳು ಹೆದರಿ ಎರಡು ತಿಂಗಳು ಆಡಿದ್ದೆವು. ನಕ್ಕೆವು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಶರಣಿಗೆ ಹಿಂಡಿ ನೆತ್ತಿಗೇರಿತು.

ಅವ್ವ ಕೊಡ ಹೊತ್ತು ಬಂದಳು. "ಏನ್ರೇ ಅದು ಕಿಸಿಕಿಸಿ?"

ಮುಚ್ಚಿಡುವುದು ಸಾಕಾಗಿತ್ತು, ಎಲ್ಲ ಹೇಳಿದೆ. ಬೆರಳಿನದೂ ಹೇಳಿದೆ. ಅವ್ವ ಕೊಡ ಇಳಿಸಿ ನಿಧಾನಕ್ಕೆ ಕೂತಳು.

"ಒಂದು ಆಳಿಗಿ ಎಷ್ಟು ತೋಳ?"

"ಮುನ್ನೂರ್ರಿ ಚಿಗವ್ವ," ಅಂದಳು ಭೀಮಿ.

"ಮುನ್ನೂರು ತೋಳ ಹೊಡದು ಒಂದು ಕುರಿನಾರ ಉಳೀತೇನ್ರೇ?"

ಮತ್ತೆ ನಕ್ಕೆವು. ಅವ್ವ ನಗಲಿಲ್ಲ. ಭೀಮಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಿಡ್ರಿ ಚಿಗವ್ವ. ಆ ಆರು ಆಳು ನಾ ಬಿಟ್ಟೆ. ಮಾಫ್," ಅಂದಳು.

"ಮುಯ್ಯಿ ಮಾಫ್ ಅಂತ ನಮ್ಮ ಊರಾಗ ಇಲ್ಲ," ಅಂದಳು ಅವ್ವ. "ತೋಳರೆ ಹೊಡಿ, ಹತ್ತಿಯರೆ ಬಿಡಸು. ನೀ ನಿನ್ನ ಕೆಲಸ ಬಿಟ್ಟು ಆಕಿ ಸಲುವಾಗಿ ದುಡದೀದಿ. ದುಡದದ್ದು ದುಡದದ್ದು. ನಿನಗ ಬ್ಯಾಡಾದ್ರ ಬ್ಯಾರೆ ಕಡಿ ತಿರುಗಸು. ನಿನ್ನ ಆಳು, ನೀ ಹೇಳಿದ ಹೊಲಕ್ಕ ಹೋಗತಾಳ."

ಹಾಗೆ ತಿರುಗಿಸುವುದು ಉಂಟು. ನನಗೆ ಬರಬೇಕಾದ ಆಳನ್ನು ನನ್ನ ತಂಗಿಯ ಹೊಲಕ್ಕೆ ಕಳಿಸಬಹುದು, ಬಾಣಂತಿಯ ಮನೆಗೆ ಕಳಿಸಬಹುದು. ಭೀಮಿ ಬೆರಳು ನೆಕ್ಕುತ್ತ ಯೋಚಿಸಿದಳು. ನನಗೆ ಒಳಗೊಳಗೇ ಭಯ. ಅವಳ ದೊಡ್ಡಪ್ಪನ ಹೊಲಕ್ಕೆ ಕಳಿಸಿದರೆ ಆರು ದಿನವೂ ಅಲ್ಲೇ ಮುಗಿಯುತ್ತದೆ.

"ಹಂಗಾದ್ರ," ಅಂದಳು, "ನನ್ನ ಆರು ಆಳು ಆ ಅರ್ಥಶಾಸ್ತ್ರಕ್ಕ ಹಾಕು. ಹೊತ್ತು ಮೂಡೂದ್ರಿಂದ ಹೊತ್ತು ಮುಣಗೂತನ. ಆಳು ಅಂದ್ರ ಆಳು, ನಡುವ ಕಳ್ಳಾಟ ಮಾಡಿದ್ರ ನೋಡು ಮತ್ತ. ಇವತ್ತಿಂದು ಅರ್ಧ ದಿನ ಹೋಗ್ಯಾದ. ಅದು ಬಸ್ಸಿನಾಗ ಓದಿ ಭರ್ತಿ ಮಾಡು."

ಅವ್ವ ತನ್ನ ಮಾತಿನಲ್ಲಿ ತಾನೇ ಸಿಕ್ಕಿಬಿದ್ದಳು. ಹೊಲದ ತುಂಬ ಹತ್ತಿ ಒಡೆದು ನಿಂತಿತ್ತು, ಒಂದು ಕೈ ಕಡಿಮೆಯಾಗುತ್ತಿತ್ತು. ಸಾಲುಗಳ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು. "ಹೂಂ. ಮಾತು ನಾನೇ ಆಡೀನಿ," ಅಂದಳು. ಕೈಚಾಚಿ ನನ್ನ ಫೋನು ಇಸಿದುಕೊಂಡು ಬುತ್ತಿಯ ಗಂಟಿನೊಳಗೆ ಕಟ್ಟಿದಳು.

ಆ ದಿನಗಳನ್ನು ನಾನು ಬೇವಿನ ಗಿಡದ ಕೆಳಗೆ ನೋಟ್ಸ್ ಹರಡಿಕೊಂಡು ಕಳೆದೆ. ಮನೆಯಲ್ಲಿ ಕೂರಬಹುದಿತ್ತು. ಕಣ್ಣೆದುರು ಇರಲಿ ಎಂದು ಅವ್ವನೇ ಹೊಲಕ್ಕೆ ಕರೆತರುತ್ತಿದ್ದಳು. ಮೊದಲೆರಡು ದಿನ ಹೆಬ್ಬೆರಳು ಸುಮ್ಮನಿರಲಿಲ್ಲ, ಪುಸ್ತಕದ ಅಂಚನ್ನೇ ಒತ್ತುತ್ತಿತ್ತು. ಒಂದು ಪುಟ ಓದಿದರೆ ಎಲ್ಲೋ ಒಂದು ಪಟ್ಟಿ ತುಂಬಬೇಕು ಅನಿಸುತ್ತಿತ್ತು. ತುಂಬುತ್ತಿರಲಿಲ್ಲ. ಗಿಡದ ನೆರಳು ಪೂರ್ವಕ್ಕೆ ಸರಿಯುತ್ತಿತ್ತು, ನಾನೂ ಕೂತ ಗೋಣಿಚೀಲ ಎಳೆದುಕೊಂಡು ಸರಿಯುತ್ತಿದ್ದೆ.

ಸಂಜೆ ಭೀಮಿ ತನ್ನ ಹೊಲದಿಂದ ಹೋಗುವಾಗ ನಿಂತು ಲೆಕ್ಕ ತೆಗೆದುಕೊಳ್ಳುತ್ತಿದ್ದಳು. ಅವಳದು ಇತಿಹಾಸ, ಅರ್ಥಶಾಸ್ತ್ರದ ಗಂಧಗಾಳಿ ಇಲ್ಲ. ಅದೇ ಒಳ್ಳೆಯದಾಯಿತು. ಅವಳಿಗೆ ತಿಳಿಯುವ ಹಾಗೆ ಹೇಳಬೇಕಾದರೆ ಮೊದಲು ನನಗೆ ತಿಳಿಯಬೇಕಿತ್ತು.

"ಇವತ್ತಿನ ಆಳು ಏನು? ಹೇಳು."

"ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ."

"ಯವ್ವಾ! ಮನಷ್ಯಾರ ಮಾತಿನಾಗ ಹೇಳು."

"ಹಸದಾಗ ಮೊದಲ್ನೇ ರೊಟ್ಟಿ ಭಾಳ ರುಚಿ. ಎರಡನೇದು ಅದಕ್ಕಿಂತ ಕಮ್ಮಿ. ತಿನಕೋಂತ ಹೋದಂಗ ಒಂದೊಂದು ರೊಟ್ಟಿಗೂ ಖುಷಿ ಕಮ್ಮಿ ಆಗತಾದ. ಕಡೀಕ ಬ್ಯಾಡೇ ಆಗತಾದ."

ಭೀಮಿ ಸೊಂಟದ ಮೇಲೆ ಕೈಯಿಟ್ಟಳು. "ಇಷ್ಟು ಪುಸ್ತಕದಾಗ ಇಟ್ಕೊಂಡು ನಲವತ್ತನೇ ಲೆವಲ್ಲಿಗಿ ಯಾಕ ಹೋಗಿದ್ದಿ?"

ಆ ಪ್ರಶ್ನೆ ಪುಣ್ಯಕ್ಕೆ ಪರೀಕ್ಷೆಯಲ್ಲಿ ಬರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಕೆಂಭಾವಿಯ ಕಡೆಯಿಂದ ಮೋಡ ಏರಿತು. ಹತ್ತಿ ಒಡೆದು ನಿಂತಾಗ ಮೋಡ ಅಂದರೆ ಎದೆ ಧಸಕ್ ಅನ್ನುತ್ತದೆ. ಅವ್ವ ಒಬ್ಬಳೇ ಸಾಲಿನಲ್ಲಿದ್ದಳು. ತಲೆ ಎತ್ತಿ ನೋಡಿದವಳು ಕೈ ಚುರುಕು ಮಾಡಿದಳು. ನನ್ನನ್ನು ಕರೆಯಲಿಲ್ಲ. ಅದನ್ನು ನೋಡುತ್ತ ಕೂರಲಾಗಲಿಲ್ಲ, ಪುಸ್ತಕ ಮುಚ್ಚಿ ಎದ್ದೆ. ಅಷ್ಟರಲ್ಲಿ ಬದುವಿನ ಮೇಲೆ ಭೀಮಿ, ಶರಣಿ ಓಡಿ ಬರುತ್ತಿದ್ದರು. ಯಾರೂ ಹೇಳಿ ಕಳಿಸಿರಲಿಲ್ಲ. ನಾನು ಉಡಿ ಕಟ್ಟುತ್ತಿದ್ದುದನ್ನು ಭೀಮಿ ಕಂಡಳು.

"ಕೂಡು! ನೀ ಇವತ್ತ ನನ್ನ ಆಳು. ನಾ ಹೇಳಿದ ಕಡಿ ದುಡೀಬೇಕು."

"ಮಳಿ ಬರಾಕತ್ತಾದಲ್ಲೇ!"

"ಮಳಿಗಿ ನಾವದೀವಿ. ಪೇಪರಿಗಿ ಯಾರದಾರ?"

ಕೂತೆ. ಅಳುತ್ತಲೇ ಓದಿದೆ. ಅಕ್ಷರಗಳು ಮಂಜಾಗುತ್ತಿದ್ದವು, ಒರೆಸಿಕೊಂಡು ಮತ್ತೆ ಓದಿದೆ. ಮೂವರೂ ತಲೆ ಎತ್ತದೆ ಬಿಡಿಸಿದರು. ನಾಲ್ಕು ಹನಿ ಬಿದ್ದು ಮೋಡ ಹಾಗೇ ಸರಿದು ಹೋಯಿತು. ಬಿಡಿಸಿದ ಹತ್ತಿಯನ್ನು ಅಂಡಿಗೆ ಚೀಲಕ್ಕೆ ತುಳಿದು ತುಂಬುತ್ತ ಅವ್ವ ದೊಡ್ಡದಾಗಿ ಉಸಿರು ಬಿಟ್ಟಳು. ಮರುದಿನವೂ ಇಬ್ಬರೂ ಬಂದರು.

ಪರೀಕ್ಷೆಯ ಬೆಳಿಗ್ಗೆ ಶಹಾಪುರದ ಬಸ್ಸಿನಲ್ಲಿ ಕೂತಾಗ ನೆನಪಾಯಿತು. ಹಿಂದಿನ ದಿನವೇ ಆಟದ ಹಂಗಾಮು ಮುಗಿದಿತ್ತು. ನನ್ನ ನಲವತ್ತು, ಭೀಮಿಯ ಇಪ್ಪತ್ತೊಂಬತ್ತು, ಎಲ್ಲ ಕೆಳಗಿಳಿದಿರಬೇಕು. ಹೋಗಲಿ ಅನಿಸಿತು. ಎಷ್ಟು ಹಗುರವಾಗಿ ಅನಿಸಿತೆಂದರೆ ಪಕ್ಕದ ಸೀಟಿನ ಅಜ್ಜಿ "ಯಾಕ ನಗಾಕತ್ತೀ ಮಗಳಾ?" ಅಂತ ಕೇಳಿದಳು. ಪ್ರಶ್ನೆಪತ್ರಿಕೆ ಸಸಾರವಾಗಿರಲಿಲ್ಲ. ಆದರೂ ಮೊದಲ ಸಲ ಹೆಚ್ಚಿನ ಹಾಳೆ ಕೇಳಿ ಎದ್ದು ನಿಂತೆ. ಮೇಲ್ವಿಚಾರಕರು ಹಾಳೆ ತರುವಷ್ಟರಲ್ಲಿ ಬರೆಯಬೇಕಾದದ್ದು ಮರೆತೀತೆಂದು ಅಂಗೈ ಮೇಲೆ ಬೆರಳಿಂದ ಬರೆದುಕೊಳ್ಳುತ್ತಿದ್ದೆ. ಮುಂದೆ ಫಲಿತಾಂಶ ಬಂದಾಗ ನೂರಕ್ಕೆ ನಲವತ್ತೆಂಟು ಬಂದಿತ್ತು. ದೊಡ್ಡ ಅಂಕವೇನಲ್ಲ. ಆದರೆ ಪಾಸಾದೆ ಎಂದು ನನಗೆ ಗೊತ್ತಾದದ್ದು ಪರೀಕ್ಷೆಯ ದಿನದ ಸಂಜೆಯೇ, ಊರಿನ ಸ್ಟಾಪಿನಲ್ಲಿ ಬಸ್ಸಿಳಿಯುವಾಗ.

ಭೀಮಿ ಅಲ್ಲೇ ಕಲ್ಲಿನ ಮೇಲೆ ಕೂತಿದ್ದಳು. ಕೂದಲಲ್ಲಿ ಹತ್ತಿಯ ಎಳೆ.

"ಹ್ಯಾಂಗಾತು?"

"ಆತು ಭೀಮಿ. ಈ ಸಲ ಆತು." ಅವಳ ಕೈ ಹಿಡಿದುಕೊಂಡೆ. "ನಿನ್ನ ಆರು ಆಳೂ ತೀರಿದ್ವು."

"ಅವು ತೀರಿದ್ವು." ಕೈ ಬಿಡಿಸಿಕೊಂಡು ಸೆರಗು ಝಾಡಿಸಿ ಎದ್ದಳು. "ಮತ್ತ ಎರಡು ದಿನ ನಿಮ್ಮವ್ವನ ಹತ್ತಿ ಬಿಡಸೀನಲ್ಲ, ಅವು? ಅವು ನಿನ್ನ ಮ್ಯಾಲೇ ಅವ. ನಾಳಿಂದ ನಮ್ಮ ಹೊಲ. ಬುತ್ತಿ ನಮ್ಮವ್ವ ಕಟ್ಟತಾಳ, ನೀ ಬರೇ ಕೈ ತಗೊಂಡು ಬಾ."